ನೀರುಳ್ಳಿ ಸಿಪ್ಪೆಯಲ್ಲಿ ಕೋಶಕೇಂದ್ರ ಕಾಣುವುದಿಲ್ಲ, 45ಎಕ್ಸ್ ಹಾಕಿದರೆ ಬರೀ ಮಸುಕು. ಎಂತ ಮಾಡುವುದು?

ಪಡುಬಿದ್ರಿ ಟೀಚರ್:
ಎಂಟು, ಒಂಬತ್ತನೇ ತರಗತಿಯವರಿಂದ ನೀರುಳ್ಳಿ ಸಿಪ್ಪೆಯ ಸ್ಲೈಡ್ ಮಾಡಿಸಲಿಕ್ಕುಂಟು. ಕನ್ನಡಿ ಇರುವ ಮೈಕ್ರೋಸ್ಕೋಪ್, ಐಪೀಸ್ (ಕಣ್ಣಿಡುವ ಲೆನ್ಸ್) 10ಎಕ್ಸ್, ಅಬ್ಜೆಕ್ಟಿವ್ (ಸ್ಲೈಡಿನ ಹತ್ತಿರದ ಲೆನ್ಸ್) 10ಎಕ್ಸ್ ಮತ್ತು 45ಎಕ್ಸ್. ಚಿಕ್ಕದರಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಕೋಶಭಿತ್ತಿ ಕಾಣುತ್ತದೆ, ಕೋಶಕೇಂದ್ರ ಇಲ್ಲ. 45ಕ್ಕೆ ತಿರುಗಿಸಿದರೆ ಫೋಕಸೇ ಆಗುವುದಿಲ್ಲ. ದಪ್ಪ ಕಪ್ಪು ಅಂಚಿನ ಉರುಟು ಆಕಾರಗಳು ಬರುತ್ತವೆ, ಮಕ್ಕಳು ಅದನ್ನೇ ಜೀವಕೋಶ ಅಂತ ಬಿಡಿಸುತ್ತಾರೆ. ಮಳೆಗಾಲ ಬೇರೆ, ಬೆಳಕು ಸಾಲದು. ಕೋಶಕ್ಕೆ ಬಣ್ಣ ಹಾಕಲಿಕ್ಕೆ ಸಾಫ್ರನಿನ್ ಉಂಟು, ಅಯೋಡಿನ್ ತಯಾರಿಸಬೇಕು. ಗೊತ್ತಿದ್ದವರು ಕ್ರಮ ಹೇಳಿ.

ಸ್ಲೈಡ್ ಪೆಟ್ಟಿಗೆ:
ಟೀಚರ್, ಕಪ್ಪು ಅಂಚಿನ ಉರುಟು ಅಂದರೆ ಗಾಳಿಗುಳ್ಳೆ. ಸೂಜಿಯ ತುದಿಯಿಂದ ಕವರ್ ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ಮೆಲ್ಲಗೆ ಒತ್ತಿಸಿ ನೋಡಿ, ಗುಳ್ಳೆ ಆಕಾರ ಬದಲಿಸುತ್ತದೆ ಇಲ್ಲವೇ ಸರಿಯುತ್ತದೆ. ಜೀವಕೋಶ ಜಾಗ ಬಿಡುವುದಿಲ್ಲ. ಮಕ್ಕಳು ಚಿತ್ರ ಬಿಡಿಸುವ ಮೊದಲೇ ಒಂದು ಗುಳ್ಳೆ ತೋರಿಸಿ "ಇದು ಗಾಳಿ" ಅಂತ ಗುರುತು ಹಿಡಿಸಿಬಿಡಿ.

ಸಿಪ್ಪೆ ಎಂದರೆ ಹೊರಗಿನ ಒಣ ಸಿಪ್ಪೆ ಅಲ್ಲ. ರಸಭರಿತ ಎಸಳನ್ನು ಮುರಿದರೆ ಅದರ ಒಳಬದಿಯಲ್ಲಿ, ಅಂದರೆ ಗುಳಿ ಇರುವ ಬದಿಯಲ್ಲಿ, ತೆಳು ಪೊರೆ ಏಳುತ್ತದೆ. ಅದನ್ನು ಚಿಮಟದಲ್ಲಿ ಎಳೆದು ಕೂಡಲೇ ನೀರಿಗೆ ಹಾಕಬೇಕು. ಗಾಳಿಯಲ್ಲಿ ಅರ್ಧ ನಿಮಿಷ ಬಿಟ್ಟರೂ ಸುರುಳಿ ಸುತ್ತಿಕೊಂಡು ಮಡಿಕೆ ಬೀಳುತ್ತದೆ, ಮಡಿಕೆಯೊಳಗೆ ಗಾಳಿ ಕೂತುಕೊಳ್ಳುತ್ತದೆ. 5 ಮಿ.ಮೀ. ಚೌಕದ ತುಂಡು ಸಾಕು, ದೊಡ್ಡ ತುಂಡಿನ ಆಸೆ ಬೇಡ.

ಸಾಫ್ರನಿನ್ 1% ಇದ್ದರೆ ವಾಚ್ ಗ್ಲಾಸಿನ ನೀರಿಗೆ ಒಂದೆರಡು ಹನಿ, ಅದರಲ್ಲಿ ಒಂದು ನಿಮಿಷ. ಮತ್ತೆ ಶುದ್ಧ ನೀರಿನಲ್ಲಿ ತೊಳೆಯಬೇಕು. ತೊಳೆಯದಿದ್ದರೆ ಭಿತ್ತಿ, ಕೋಶಕೇಂದ್ರ, ಹಿನ್ನೆಲೆ ಎಲ್ಲ ಒಂದೇ ಕೆಂಪು. ಆಮೇಲೆ ಸ್ಲೈಡಿನ ಮೇಲೆ ಗ್ಲಿಸರಿನ್ ಒಂದೇ ಹನಿ, ಕವರ್ ಸ್ಲಿಪ್ಪಿನ ಒಂದು ಅಂಚು ಹನಿಗೆ ತಾಗಿಸಿ ಸುಮಾರು 45 ಡಿಗ್ರಿ ಓರೆಯಲ್ಲಿ ಸೂಜಿಯ ಆಧಾರದಿಂದ ಇಳಿಸುವುದು.

ಅಯೋಡಿನ್‌ಗೆ ಪೊಟ್ಯಾಸಿಯಮ್ ಅಯೋಡೈಡ್ 2 ಗ್ರಾಂ, ಅಯೋಡಿನ್ 1 ಗ್ರಾಂ, ನೀರು 300 ಮಿ.ಲೀ. ಮೊದಲು ಅಯೋಡೈಡನ್ನು ಐದಾರು ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಲ್ಲಿ ಅಯೋಡಿನ್ ಕರಗಿಸಿ, ಉಳಿದ ನೀರು ಕಡೆಗೆ. ಅಯೋಡಿನ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕಂದು ಬಾಟಲಿಯಲ್ಲಿಡಿ. ನೀರುಳ್ಳಿ ಕಪ್ಪು-ನೀಲಿ ಆಗುವುದಿಲ್ಲ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅದರಲ್ಲಿ ಪಿಷ್ಟ ಇಲ್ಲ, ಕೋಶಕೇಂದ್ರಕ್ಕೆ ತಿಳಿ ಕಂದು ಮಾತ್ರ. ಪಕ್ಕದಲ್ಲಿ ಬಟಾಟೆ ಕೆರೆದ ಒಂದು ಸ್ಲೈಡ್ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಯೋಡಿನ್ ಸ್ಲೈಡಿಗೆ ಗ್ಲಿಸರಿನ್ ಬೇಡ, ಅದೇ ದ್ರಾವಣದಲ್ಲೇ ಮುಚ್ಚಿ ನೋಡಿ.

ಕಂಡೆನ್ಸರ್:
ಕೋಶಕೇಂದ್ರ ಕಾಣದಿರಲಿಕ್ಕೆ ಹೆಚ್ಚಿನ ಸಲ ಬಣ್ಣ ಕಾರಣವಲ್ಲ ಮಾರಾಯ್ರೆ, ಡಯಾಫ್ರಾಮ್ (ಸ್ಟೇಜಿನ ಅಡಿಯಲ್ಲಿ ಬೆಳಕು ಹೆಚ್ಚು-ಕಡಿಮೆ ಮಾಡುವ ರಂಧ್ರ). ಅದನ್ನು ಪೂರ್ತಿ ತೆರೆದಿಟ್ಟರೆ ಬೆಳಕು ತುಂಬಿ ಪಾರದರ್ಶಕ ವಸ್ತುಗಳೆಲ್ಲ ಅದರಲ್ಲಿ ಕರಗಿಹೋಗುತ್ತವೆ. ಮೆಲ್ಲಗೆ ಮುಚ್ಚುತ್ತಾ ಬನ್ನಿ, ಒಂದು ಹಂತದಲ್ಲಿ ಭಿತ್ತಿಗೆ ಒತ್ತಿಕೊಂಡ ಸಣ್ಣ ಉಂಡೆ ಎದ್ದು ಕಾಣುತ್ತದೆ. ಅದೇ ಕೋಶಕೇಂದ್ರ. ನಡುವಿನ ಜಾಗವನ್ನೆಲ್ಲ ರಸದಾನಿ (ಕೋಶದೊಳಗಿನ ರಸ ತುಂಬಿದ ಚೀಲ) ಹಿಡಿದಿರುವುದರಿಂದ ಅದು ಬದಿಗೆ ಸರಿದಿರುತ್ತದೆ. ಮಕ್ಕಳು ಪುಸ್ತಕದ ಚಿತ್ರದಂತೆ ಸರೀ ಮಧ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ.

45ಎಕ್ಸ್ ಮಸುಕಾಗಲಿಕ್ಕೆ ಮೊದಲು ನೋಡಬೇಕಾದದ್ದು ಸ್ಲೈಡ್ ತಲೆಕೆಳಗಾಗಿ ಉಂಟಾ ಅಂತ. ಫೋಕಸ್ ಆಗುವಾಗ ಆ ಅಬ್ಜೆಕ್ಟಿವಿನ ಮೂತಿಗೂ ಸ್ಲೈಡಿಗೂ ನಡುವೆ ಸಿಗುವ ದೂರ ಅರ್ಧ ಮಿ.ಮೀ. ಆಸುಪಾಸು, ಸ್ಲೈಡಿನ ದಪ್ಪವೇ ಒಂದು ಮಿ.ಮೀ.ಗಿಂತ ಹೆಚ್ಚು. 10ಎಕ್ಸ್‌ನಲ್ಲಿ ಸರಿ ಕಾಣುತ್ತದೆ, 45ರಲ್ಲಿ ಫೋಕಸ್ ತಲಪುವುದೇ ಇಲ್ಲ. ಎರಡು ಕವರ್ ಸ್ಲಿಪ್ ಒಂದಕ್ಕೊಂದು ಅಂಟಿ ಬಂದಿದ್ದರೂ ನೋಟ ಕೆಡುತ್ತದೆ, ಅದು 0.17 ಮಿ.ಮೀ. ಗಾಜಿಗೆ ಲೆಕ್ಕ ಹಾಕಿ ಮಾಡಿದ ಲೆನ್ಸ್. ಎರಡೂ ಅಲ್ಲವಾದರೆ ಗ್ಲಿಸರಿನ್ ಹೆಚ್ಚಾಗಿ ಲೆನ್ಸಿನ ಮೂತಿಗೆ ಮೆತ್ತಿಕೊಂಡಿದೆ. ಹೆಚ್ಚಾದದ್ದನ್ನು ಬ್ಲಾಟಿಂಗ್ ಪೇಪರಿನಲ್ಲಿ ಹೀರಿಸಿಯೇ ಸ್ಟೇಜಿನ ಮೇಲೆ ಇಡಬೇಕು.

10ಎಕ್ಸ್‌ನಲ್ಲಿ ಫೋಕಸ್ ಮಾಡಿ, ಬೇಕಾದ ಕೋಶವನ್ನು ನಟ್ಟನಡುವೆ ತಂದು, ಬದಿಯಿಂದ ನೋಡುತ್ತಾ 45ಕ್ಕೆ ತಿರುಗಿಸಿ. ಅಲ್ಲಿಂದ ಮುಂದೆ ಸಣ್ಣ ತಿರುಗಣೆ ಮಾತ್ರ. ದೊಡ್ಡ ತಿರುಗಣೆ ಮುಟ್ಟಿದರೆ ಕವರ್ ಸ್ಲಿಪ್ ಒಡೆಯುತ್ತದೆ, ಲೆನ್ಸಿಗೂ ಗೀರು ಬೀಳುತ್ತದೆ.

ಬೆಳಕಿಗೆ ಎಲ್‌ಇಡಿ ಟೇಬಲ್ ಲ್ಯಾಂಪ್ ಎದುರು ಬಟರ್ ಪೇಪರ್ ಅಂಟಿಸಿ, ಒಂದು ಅಡಿ ದೂರ ಇಡಿ. ಕಂಡೆನ್ಸರ್ (ಸ್ಟೇಜಿನ ಅಡಿಯಲ್ಲಿ ಬೆಳಕು ಒಟ್ಟು ಮಾಡುವ ಲೆನ್ಸ್) ಇದ್ದರೆ ಸಮತಲ ಕನ್ನಡಿ, ಇಲ್ಲದಿದ್ದರೆ ಗುಳಿ ಕನ್ನಡಿ. ಬಿಸಿಲು ಬಂತೆಂದು ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ, ಕಣ್ಣಿಗೆ ಅಪಾಯ.

ಕಡಲ ಬದಿ ಲ್ಯಾಬ್:
ಮಳೆಗಾಲ ಅಂದಿರಲ್ಲ, ನೋಟ ಇಡೀ ಮಂಜಾಗಿದ್ದರೆ ಫಂಗಸ್ ಕೂಡ ಇರಬಹುದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಲೆನ್ಸಿಗೆ ಜೇಡರ ಬಲೆಯ ಹಾಗೆ ಎಳೆ ಹಬ್ಬುತ್ತದೆ. ಐಪೀಸ್ ತಿರುಗಿಸಿ, ಕಲೆಯೂ ತಿರುಗಿದರೆ ಅದು ಐಪೀಸಿನದ್ದು. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನದ್ದು. ಯಾವುದೂ ಅಲ್ಲದೆ ಒಟ್ಟಾರೆ ಮಂಕಾದರೆ ಅಬ್ಜೆಕ್ಟಿವ್. ಮೊದಲು ರಬ್ಬರ್ ಬ್ಲೋವರಿನಲ್ಲಿ ಧೂಳು ಊದಿ, ಲೆನ್ಸ್ ಪೇಪರಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ಒರೆಸಿ. ಲೆನ್ಸಿನ ಮೇಲೆ ಸುರಿಯಬೇಡಿ, ಒಳಗಿನ ಅಂಟು ಬಿಡುತ್ತದೆ. ಫಂಗಸ್ ಒಳಗಿದ್ದರೆ ರಿಪೇರಿಯವರಿಗೇ ಕೊಡಬೇಕು.

ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ್ದನ್ನೇ ತೆಗೆದುಕೊಳ್ಳಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳ ಲ್ಯಾಬಿಗೆ ಒಳ್ಳೆಯದಲ್ಲ. ಬಣ್ಣ ಬದಲಾದಾಗ ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಉಪಯೋಗಿಸಬಹುದು.

ಬಸಳೆ ಚಪ್ಪರ:
ನೀರುಳ್ಳಿಗೆ ನಿಲ್ಲಿಸಬೇಡಿ. ಬಸಳೆ ಎಲೆಯ ಅಡಿಬದಿಯ ಪೊರೆ ಎಳೆದರೆ ಪತ್ರರಂಧ್ರ, ಎರಡು ಕಾವಲು ಕೋಶ, ಅವುಗಳೊಳಗೆ ಹಸಿರು ಕಣ ಸಿಗುತ್ತವೆ. ಕೆಂಪು ನೀರುಳ್ಳಿಯ ಹೊರಬದಿಯ ನೇರಳೆ ಪೊರೆಗೆ ಬಣ್ಣವೇ ಬೇಡ. 10% ಉಪ್ಪು ನೀರು ಅಂಚಿನಿಂದ ಬಿಟ್ಟರೆ ನೇರಳೆ ಭಾಗ ಕೋಶಭಿತ್ತಿಯಿಂದ ಬಿಟ್ಟು ಒಳಗೆ ಕುಗ್ಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಅಳತೆಯನ್ನೂ ಮಾಡಿಸಿ. 10ಎಕ್ಸ್ ಅಬ್ಜೆಕ್ಟಿವಿನ ಅಡಿ ಪಾರದರ್ಶಕ ಸ್ಕೇಲ್ ಇಟ್ಟು ಕಾಣುವ ವೃತ್ತದ ಅಗಲ ಓದಿ. 1.8 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ಉದ್ದಕ್ಕೆ ಆರು ಕೋಶ ಕೂತರೆ ಒಂದೊಂದು 0.3 ಮಿ.ಮೀ. 45ರಲ್ಲಿ ಅದೇ ವೃತ್ತ 0.4 ಮಿ.ಮೀ.ಗೆ ಇಳಿಯುತ್ತದೆ, ಒಂದು ಕೋಶವೇ ಹೆಚ್ಚುಕಡಿಮೆ ಇಡೀ ನೋಟ ತುಂಬುತ್ತದೆ.

ಪಡುಬಿದ್ರಿ ಟೀಚರ್:
ತುಂಬಾ ಉಪಕಾರ. ಕೆನ್ನೆಯ ಕೋಶಕ್ಕೂ ಇದೇ ಕ್ರಮವಾ?

ಸ್ಲೈಡ್ ಪೆಟ್ಟಿಗೆ:
ಇಲ್ಲ, ಅಲ್ಲಿ ಬರೀ ನೀರಾದರೆ ಕೋಶ ಊದಿಕೊಳ್ಳುತ್ತದೆ. 100 ಮಿ.ಲೀ.ಗೆ 0.9 ಗ್ರಾಂ ಉಪ್ಪು ಹಾಕಿದ ನೀರು, ಮೆಥಿಲೀನ್ ಬ್ಲೂ ಒಂದು ಹನಿ. ಪ್ರತಿ ಮಗುವಿಗೂ ಹೊಸ ಟೂತ್‌ಪಿಕ್, ಅದರ ಮೊಂಡು ಬದಿ. ಮುಗಿದ ಕೂಡಲೇ ಟೂತ್‌ಪಿಕ್, ಸ್ಲೈಡ್ ಎರಡನ್ನೂ ಬ್ಲೀಚಿಂಗ್ ದ್ರಾವಣಕ್ಕೆ ಹಾಕಿಸಿ.