1900ರ ಎದುರು 1700: ಈ ಆನೆ ಎಂಡ್‌ಗೇಮ್ ಡ್ರಾ ಆದದ್ದು ಹೇಗೆ?

ಪ್ರಶ್ನೆ (ಬಿಳಿಮನೆ):
ಚೆಸ್ ಆಟ, ರೇಟಿಂಗ್ ಬಿಳಿಗೆ 1900, ಕಪ್ಪಿಗೆ 1700. ಕೊನೆಗೆ ಉಳಿದದ್ದು ಇಷ್ಟು (ಅಕ್ಷರ ಉದ್ದ ಸಾಲು, ಅಂಕಿ ಅಡ್ಡ ಸಾಲು). ಬಿಳಿ: ರಾಜ ಡಿ5, ಆನೆ ಎ7, ಕಾಲಾಳು ಇ5. ಕಪ್ಪು: ರಾಜ ಇ8, ಆನೆ ಬಿ6. ನಡೆ ಬಿಳಿಯದು. ಒಂದು ಕಾಲಾಳು ಹೆಚ್ಚಿದ್ದೂ ಗೆಲುವು ಬರಲಿಲ್ಲ. ಬಿಳಿ ತಪ್ಪಿದ್ದೆಲ್ಲಿ? ರೇಟಿಂಗ್ ಎಷ್ಟು ಬದಲಾಗುತ್ತೆ?

ಆನೆದಾರಿ:
ಈ ಸ್ಥಿತಿಗೆ ಬಂದ ಮೇಲೆ ಬಿಳಿಯ ತಪ್ಪೇನಿಲ್ಲ, ಇದು ಫಿಲಿಡಾರ್ ಸ್ಥಾನ, ಅಂದರೆ ಒಂದು ಕಾಲಾಳು ಕಡಿಮೆಯಿದ್ದವರು ಡ್ರಾ ಉಳಿಸಿಕೊಳ್ಳುವ ಹೆಸರಾದ ಆನೆ ಎಂಡ್‌ಗೇಮ್. ಕಪ್ಪು ಆನೆ ಆರನೇ ಸಾಲನ್ನು ಹಿಡಿದಿರುವಷ್ಟು ಹೊತ್ತು ಬಿಳಿ ರಾಜ ಮುಂದೆ ಬರಲಾರ. ಕಪ್ಪು ಬಿ6, ಜಿ6 ಎಂದು ಓಡಾಡುತ್ತಾ ಕಾಯಬಹುದು. ನಡುವಿನ ಸಿ6, ಡಿ6, ಇ6, ಎಫ್6 ಮನೆಗಳಿಗೆ ಇಡಬಾರದು, ರಾಜನೋ ಕಾಲಾಳೋ ಹೊಡೆಯುತ್ತೆ. ಬಿಳಿ ಇ6 ತಳ್ಳಿದ ಕೂಡಲೇ ಆನೆ ಬಿ1ಕ್ಕೆ ಇಳಿಯಬೇಕು. ಆಮೇಲೆ ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಚೆಕ್. ಕಾಲಾಳು ಆರಕ್ಕೆ ಏರಿಬಿಟ್ಟಿದೆ, ರಾಜನಿಗೆ ಅಡಗಲು ಜಾಗವೇ ಇಲ್ಲ. ಇ6 ಆದ ಮೇಲೂ ಆನೆ ಬಿ6ರಲ್ಲೇ ಕೂತರೆ ಬಿಳಿ ರಾಜ ಕಾಲಾಳಿನ ಮರೆಯಲ್ಲಿ ಎಫ್6 ಸೇರುತ್ತಾನೆ, ಆಟ ಮುಗಿಯಿತು.

ಬಿಳಿಮನೆ:
ಆನೆಯನ್ನು ಎಂಟನೇ ಸಾಲಿನಲ್ಲೇ ಕಾವಲಿಗಿಟ್ಟರೆ ಆಗೋದಿಲ್ವಾ?

ಆನೆದಾರಿ:
ಎ, ಬಿ, ಜಿ, ಎಚ್ ಸಾಲಿನ ಕಾಲಾಳಾದರೆ ಆಗುತ್ತೆ. ಇ ಕಾಲಾಳಿನ ಎದುರು ಸೋಲು. ಬಿಳಿ ರಾಜ ಆರನೇ ಸಾಲಿಗೆ ಬಂದ ಮೇಲೆ ಬಿಳಿ ಆನೆ ಇನ್ನೊಂದು ಬದಿಗೆ ದಾಟಿ ಮೇಟ್ ಬೆದರಿಕೆ ಹಾಕುತ್ತೆ.

ಹಳೇಕುದುರೆ:
ಬಿಳಿ ತಪ್ಪಿದ್ದು ಇದಕ್ಕೂ ಮುಂಚೆಯೇ ಇರಬೇಕು. ಒಂದು ಕಾಲಾಳು ಹೆಚ್ಚಿದ್ದಾಗ ಕಾಯಿಗಳನ್ನು ಬದಲಿಸಬೇಕು, ಕಾಲಾಳುಗಳನ್ನಲ್ಲ. ಎರಡೂ ಬದಿಯಲ್ಲಿ ಕಾಲಾಳು ಉಳಿದರೆ ಎದುರಾಳಿಗೆ ಎರಡು ಕಡೆ ಕಾಯುವ ಕೆಲಸ. ಎಲ್ಲವೂ ಒಂದೇ ಬದಿಗೆ ಸೇರಿದರೆ, ನಾಲ್ಕಕ್ಕೆ ಮೂರಿದ್ದರೂ, ಆನೆ ಎಂಡ್‌ಗೇಮ್ ಬಹಳ ಸಲ ಡ್ರಾ. ಬಲಿಷ್ಠ ಆಟಗಾರರು ಹೀಗೇ ಅರ್ಧ ಅಂಕ ಬಿಟ್ಟುಕೊಡುತ್ತಾರೆ.

ಲೆಕ್ಕಿಗ:
ಫಿಡೆ (ವಿಶ್ವ ಚೆಸ್ ಸಂಸ್ಥೆ) ಪಟ್ಟಿಯಲ್ಲಿ 200 ಅಂತರಕ್ಕೆ ಕಪ್ಪಿನ ನಿರೀಕ್ಷಿತ ಅಂಕ 0.24. ಸಿಕ್ಕಿದ್ದು 0.5. ಹೆಚ್ಚುವರಿ 0.26. ಈ ಹೆಚ್ಚುವರಿಯನ್ನು ಗುಣಿಸುವ ಅಂಕಿ, ಅಂದರೆ ಕೆ, 20 ಇದ್ದರೆ ಕಪ್ಪಿಗೆ +5.2, ಬಿಳಿಗೆ −5.2. ಕಪ್ಪು ಹೊಸಬರಾಗಿ ಕೆ 40 ಇದ್ದರೆ +10.4, ಬಿಳಿಯ ನಷ್ಟ ಬಿಳಿಯ ಸ್ವಂತ ಕೆ ಮೇಲೆ ಹೋಗುತ್ತೆ.

ಗಡಿಯಾರ:
ಇಂಥ ಸ್ಥಿತಿಯಲ್ಲಿ ಎದುರಾಳಿ ಡ್ರಾ ಒಪ್ಪದೆ ಆಡಿಸುತ್ತಲೇ ಇದ್ದರೆ, ಹೊಡೆತವೂ ಕಾಲಾಳಿನ ನಡೆಯೂ ಇಲ್ಲದೆ ಇಬ್ಬರದೂ 50 ನಡೆ ತುಂಬಿದಾಗ ಡ್ರಾ ಕೇಳಬಹುದು. ಕಾಲಾಳು ಒಂದು ಮನೆ ಸರಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ನಿಮ್ಮ ನಡೆಯಿಂದ 50 ತುಂಬುವುದಾದರೆ ಆ ನಡೆಯನ್ನು ಸ್ಕೋರ್‌ಶೀಟ್‌ನಲ್ಲಿ ಬರೆಯಿರಿ, ಕಾಯಿ ಮುಟ್ಟಬೇಡಿ, ಗಡಿಯಾರ ನಿಲ್ಲಿಸಿ ಆರ್ಬಿಟರ್‌ನ (ತೀರ್ಪುಗಾರರನ್ನ) ಕರೆಯಿರಿ. ಮುಟ್ಟಿದರೆ ಆ ಸರದಿಯಲ್ಲಿ ಕೇಳುವ ಹಕ್ಕು ಹೋಯಿತು. ಎಣಿಕೆ ತಪ್ಪಿದ್ದರೆ ಎದುರಾಳಿಗೆ 2 ನಿಮಿಷ ಹೆಚ್ಚು ಸಿಗುತ್ತೆ.