‘ಲೈಂಗಿಕ ದೃಷ್ಟಿಕೋನ’ದ ಬದಲು ಏನು ಬರೆಯಲಿ? ಹಾಸ್ಟೆಲ್ ಗೋಡೆಗೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ನಾನು ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹುಡುಗರ ಹಾಸ್ಟೆಲ್‌ನ ವಾರ್ಡನ್ ಕೆಲಸವೂ ನನ್ನದೇ. ಒಂದು ಪದ ಸಿಗದೆ ಎರಡು ವಾರದಿಂದ ಒಂದು ಪೋಸ್ಟರ್ ನನ್ನ ಮೇಜಿನ ಮೇಲೆ ಹಾಗೇ ಬಿದ್ದಿದೆ. ನಿಮ್ಮಲ್ಲಿ ಬಲ್ಲವರಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಪೋಸ್ಟರ್ ರ‍್ಯಾಗಿಂಗ್ ತಡೆಯದ್ದು. ಯುಜಿಸಿಯ 2009ರ ನಿಯಮಕ್ಕೆ 2016ರಲ್ಲಿ ಒಂದು ತಿದ್ದುಪಡಿ ಬಂತು. ಜಾತಿ, ಧರ್ಮ, ಮೈಬಣ್ಣ, ಭಾಷೆ, ಹುಟ್ಟಿದ ಊರು ಇಂಥ ನೆಪದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಹಿಂಸಿಸಿದರೆ, ಗುಂಪಿನಿಂದ ಹೊರಗಿಟ್ಟರೆ ಅದು ರ‍್ಯಾಗಿಂಗ್. ಅದೇ ಸಾಲಿನಲ್ಲಿ ಟ್ರಾನ್ಸ್‌ಜೆಂಡರ್ ಅನ್ನುವುದೂ ಇದೆ, ‘ಸೆಕ್ಷುಯಲ್ ಓರಿಯೆಂಟೇಶನ್’, ಅಂದರೆ ಒಬ್ಬರಿಗೆ ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದೂ ಇದೆ. ಈ ಭಾಗವೂ ನಮ್ಮ ಗೋಡೆಗೆ ಬರಲಿ, ಕನ್ನಡದಲ್ಲೇ ಬರಲಿ ಅಂತ ನನ್ನ ಆಸೆ. ಆದರೆ ಕೈಗೆ ಸಿಕ್ಕ ಕನ್ನಡ ಪ್ರತಿಯಲ್ಲಿ ಅದಕ್ಕೆ ‘ಲೈಂಗಿಕ ದೃಷ್ಟಿಕೋನ’ ಅಂತ ಇತ್ತು. ಕಂಪ್ಯೂಟರ್ ಮಾಡಿದ ಅನುವಾದ ಅಂತ ನೋಡಿದರೇ ತಿಳಿಯುತ್ತದೆ.

ದೃಷ್ಟಿಕೋನ ಅಂದರೆ ಒಂದು ವಿಷಯವನ್ನು ನಾವು ನೋಡುವ ಬಗೆ. ಇವತ್ತು ಒಂದಿರುತ್ತದೆ, ನಾಳೆ ಯಾರೋ ಒಳ್ಳೆಯ ಮಾತು ಹೇಳಿದರೆ ಬದಲಾಗುತ್ತದೆ. ಒಬ್ಬ ಹುಡುಗನಿಗೆ ಇನ್ನೊಬ್ಬ ಹುಡುಗನ ಮೇಲೆ ಮನಸ್ಸಾಗುವುದು ಆ ಥರದ್ದಲ್ಲ. ಅದಕ್ಕೆ ದೃಷ್ಟಿಕೋನ ಅಂದುಬಿಟ್ಟರೆ, ‘ಹಾಗಾದರೆ ಬದಲಾಯಿಸ್ಕೋ’ ಅನ್ನುವವರಿಗೆ ನಾವೇ ದಾರಿ ತೋರಿಸಿದ ಹಾಗೆ. ಹೀಗೆ ಬದಲಾಯಿಸುತ್ತೇವೆ ಅಂತ ಚಿಕಿತ್ಸೆ ಕೊಡುವುದು ವೈದ್ಯ ವೃತ್ತಿಗೆ ತಕ್ಕ ನಡತೆಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಇಷ್ಟಾದ ಮೇಲೂ ನಮ್ಮ ಪೋಸ್ಟರಿನ ಪದವೇ ಉಲ್ಟಾ ಅರ್ಥ ಕೊಟ್ಟರೆ ಹೇಗೆ?

ಈ ಪದದ ತೊಂದರೆ ನನಗೆ ಮೊದಲು ತಟ್ಟಿದ್ದು ಹೋದ ವರ್ಷ. ಸೆಪ್ಟೆಂಬರ್ 6ರ ರಾತ್ರಿ ಹಾಸ್ಟೆಲ್‌ನಲ್ಲಿ ಇದೇ ವಿಷಯ ಮಾತಾಡಲು ಕೂತಿದ್ದೆವು. 2018ರಲ್ಲಿ ಸುಪ್ರೀಂ ಕೋರ್ಟ್ ಸೆಕ್ಷನ್ 377ರ ತೀರ್ಪು ಕೊಟ್ಟ ದಿನ ಅದು. ವಯಸ್ಕರಿಬ್ಬರು, ಇಬ್ಬರೂ ಗಂಡಾಗಲಿ ಇಬ್ಬರೂ ಹೆಣ್ಣಾಗಲಿ, ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧವಲ್ಲ ಅಂತ ಅವತ್ತು ತೀರ್ಮಾನವಾಯಿತು. ಕೈಲ್‌ಪೊಳ್ದ್ ಅನ್ನುವ ಕೊಡವರ ಹಬ್ಬಕ್ಕೆ ಮನೆಗೆ ಹೋಗಿದ್ದ ಮಕ್ಕಳೆಲ್ಲ ವಾಪಸ್ ಬಂದಿದ್ದರು. ಕೆಲವರು ತಂದ ಕಡಂಬುಟ್ಟು, ಅಂದರೆ ಅಕ್ಕಿ ಕಡುಬು, ಮೆಸ್ಸಿನ ಮೇಜಿನ ಮೇಲೇ ಇತ್ತು. ಹೊರಗೆ ಮಳೆ. ಸೆಪ್ಟೆಂಬರ್ ಬಂದರೂ ಬಿಡದ ಮಳೆ. ತಗಡಿನ ಮಾಡಿನ ಸದ್ದಿಗೆ ನಾನು ಕಿರುಚಿಯೇ ಮಾತಾಡಬೇಕಿತ್ತು.

ಬೋರ್ಡಿನ ಮೇಲೆ ‘ಲೈಂಗಿಕ ಅಲ್ಪಸಂಖ್ಯಾತರ ಕುರಿತು ಜಾಗೃತಿ ಕಾರ್ಯಕ್ರಮ’ ಅಂತ ಬರೆದಿದ್ದೆ. ಮೊದಲ ಪದ ಓದಿದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು. ಎರಡನೇ ಪದಕ್ಕೆ ಮೊದಲ ವರ್ಷದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸರ್, ಇದಕ್ಕೆ ಬೇರೆ ಸ್ಕಾಲರ್‌ಶಿಪ್ ಉಂಟಾ?” ಅವನು ತಮಾಷೆಗೆ ಕೇಳಿದ್ದಲ್ಲ. ಹಾಸ್ಟೆಲ್ ಮಕ್ಕಳಿಗೆ ಅಲ್ಪಸಂಖ್ಯಾತ ಅಂದರೆ ಒಂದು ಇಲಾಖೆ, ಒಂದು ಅರ್ಜಿ. ಪದ ಅವರ ಬದುಕಿನಲ್ಲಿ ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ಇನ್ನು ‘ಜಾಗೃತಿ’ ಡೆಂಗ್ಯೂಗೆ, ಏಡ್ಸ್‌ಗೆ ಬಳಸಿ ಬಳಸಿ ಕಾಯಿಲೆಯ ವಾಸನೆ ಹಿಡಿದಿದೆ. ಹುಡುಗನಿಗೆ ಹುಡುಗನ ಮೇಲೆ, ಹುಡುಗಿಗೆ ಹುಡುಗಿಯ ಮೇಲೆ ಮನಸ್ಸಾಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಅದಕ್ಕೇ ‘ಜಾಗೃತಿ’ಯನ್ನು ನಾನೇ ಅಳಿಸಿದೆ. ಈಗ ‘ಮಾತುಕತೆ’ ಅಂತಷ್ಟೇ ಬರೆಯುತ್ತೇನೆ. ಅದು ಸಾಕು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅಂದಿದ್ದೆ. ಹೆಸರು ಬೇಡ. ಅಕ್ಷರ ನೋಡಿ ಯಾರದು ಅಂತ ಯಾರೂ ಹುಡುಕಬಾರದು ಅಂತ ನಾನೇ ಓದಿ, ಓದಿದ್ದನ್ನು ಅಲ್ಲೇ ಅಡುಗೆಮನೆಯ ಒಲೆಗೆ ಹಾಕುತ್ತಿದ್ದೆ. ಒಂದು ಚೀಟಿ ನಾಲ್ಕು ಮಡಿಕೆ ಮಡಚಿತ್ತು. ರೆಕಾರ್ಡ್ ಪುಸ್ತಕದ ಹಾಳೆ, ನೀಲಿ ಪೆನ್ನು. “ಸರ್, ನಂಗೆ ಒಬ್ಬ ಹುಡುಗ ಇಷ್ಟ. ಇದಕ್ಕೆ ಕನ್ನಡದಲ್ಲಿ ಏನಂತಾರೆ? ಹುಡುಕಿದ್ರೆ ಬರೋ ಪದ ಓದೋಕೆ ನಾಚಿಕೆ ಆಗುತ್ತೆ.” ಇಷ್ಟೇ. ನಾನು ಕನ್ನಡ ಮೇಷ್ಟ್ರು. ಪದ ಕೇಳಿದ್ದಾನೆ. ನನ್ನ ಹತ್ತಿರ ಪದ ಇರಲಿಲ್ಲ. ಆ ಚೀಟಿಯನ್ನು ಒಲೆಗೆ ಹಾಕುವಾಗ ಕೈ ತಡೆಯಿತು.

ಹುಡುಕಿದರೆ ಬರುವ ಪದ ಯಾವುದು ಅಂತ ನಿಮಗೂ ಗೊತ್ತು. ‘ಸಲಿಂಗಕಾಮಿ’. ಹಳೆಯ ಕಾಲದಲ್ಲಿ ಕಾಮ ನಾಲ್ಕು ಪುರುಷಾರ್ಥಗಳಲ್ಲಿ ಒಂದು, ಸರಿ. ಆದರೆ ಇವತ್ತಿನ ಕನ್ನಡದಲ್ಲಿ ಆ ಪದ ಜಾಸ್ತಿ ಕಾಣುವುದು ‘ಕಾಮುಕನ ಬಂಧನ’ ಅನ್ನುವ ಸುದ್ದಿಯಲ್ಲಿ. ಹುಡುಗ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುತ್ತಾ ನಿಂತರೆ ನಾವು ಲವ್ ಅನ್ನುತ್ತೇವೆ, ಪ್ರೀತಿ ಅನ್ನುತ್ತೇವೆ. ಹುಡುಗ ಹುಡುಗ ನಿಂತರೆ ಮಾತ್ರ ಪದದೊಳಗೇ ಕಾಮ ಯಾಕೆ ಬರಬೇಕು? ‘ಸಲಿಂಗಿ’ ಅಂತ ಕೆಲವರು ಈಗ ಬರೆಯುತ್ತಾರೆ. ಕಾಮ ಬಿಟ್ಟುಹೋಯಿತು, ಅಷ್ಟು ಒಳ್ಳೆಯದೇ. ‘ಸಲಿಂಗಪ್ರೇಮಿ’ಯೂ ಇದೆ. ಆದರೆ ಪ್ರೇಮಿ ಅಂದ ಕೂಡಲೇ ಒಬ್ಬ ಜೊತೆಗಾರ ಇರಲೇಬೇಕು ಅನ್ನಿಸುತ್ತದೆ. ಯಾರನ್ನೂ ಇನ್ನೂ ಪ್ರೀತಿಸದ ಹುಡುಗನೂ ತಾನು ಯಾರು ಅಂತ ತಿಳಿದಿರಬಹುದಲ್ವಾ?

ನನಗೆ ಹಿಡಿಸಿದ ಪದ ‘ಒಲವು’. ಕನ್ನಡದ್ದೇ ಪದ. ಒಲಿ ಅನ್ನುವ ಕ್ರಿಯೆಯಿಂದ ಬಂದದ್ದು. ಇದಕ್ಕೆ ಪ್ರೀತಿ ಅನ್ನುವ ಅರ್ಥವೂ ಇದೆ, ಒಂದು ಕಡೆ ವಾಲುವುದು ಅನ್ನುವ ಅರ್ಥವೂ ಇದೆ. ಓರಿಯೆಂಟೇಶನ್ ಅನ್ನುವ ಪದ ವಾಲುವುದನ್ನು ಮಾತ್ರ ಹೇಳುತ್ತದೆ, ಒಲವು ಎರಡನ್ನೂ ಹೇಳುತ್ತದೆ. ‘ನನ್ನ ಒಲವು ಹುಡುಗರ ಕಡೆ’ ಅಂತ ಒಬ್ಬ ಹುಡುಗ ಹೇಳಿದರೆ ಅದರಲ್ಲಿ ನಾಚಿಕೆಯ ಮಾತೇ ಇಲ್ಲ. ಹುಡುಗಿಯರ ಹಾಸ್ಟೆಲ್‌ನ ಮೇಡಂಗೆ ಇದನ್ನು ಹೇಳಿದೆ. ಅವರು ಒಂದು ತಕರಾರು ತೆಗೆದರು. ಒಲವು ಅಂತಷ್ಟೇ ಬರೆದರೆ ರಾಜಕೀಯ ಒಲವು ಅಂತಲೂ ಆಗಬಹುದು, ನಿಯಮದ ಮಾತು ಖಚಿತವಾಗಿರಬೇಕು ಅಂದರು. ‘ಲೈಂಗಿಕ ಒಲವು’ ಅಂತ ಮಾಡಿದರೆ ಖಚಿತವಾಗುತ್ತದೆ, ಹಿಂದಿನ ಬೆಂಚಿನ ನಗು ವಾಪಸ್ ಬರುತ್ತದೆ. ‘ಮನದೊಲವು’ ಕವಿತೆಯ ಹಾಗೆ ಕೇಳುತ್ತದೆ ಅಂತ ಅವರಿಗೆ ಅನ್ನಿಸಿತು. ನನಗೆ ಅದೇ ಇಷ್ಟ. ಇದು ನನ್ನ ಮೊದಲ ಪ್ರಶ್ನೆ. ಯಾವುದನ್ನು ಇಡಲಿ?

‘ಲಿಂಗ’ದ ವಿಷಯಕ್ಕೆ ಬರುತ್ತೇನೆ. ವ್ಯಾಕರಣ ಪಾಠದಲ್ಲಿ ನಾನು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಹೇಳುವಾಗ ಯಾರೂ ನಗುವುದಿಲ್ಲ. ಅದೇ ‘ನಪುಂಸಕ’ ಹಾಸ್ಟೆಲ್ ಕಾರಿಡಾರಿನಲ್ಲಿ ಬೈಗುಳ. ‘ಒಂಬತ್ತು’ ಕೂಡ. ನಮ್ಮಲ್ಲಿ 9ನೇ ನಂಬರಿನ ರೂಮಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಬಾಗಿಲ ಮೇಲಿನ ಅಂಕಿಯನ್ನು ಯಾರೋ ಮೊಳೆಯಿಂದ ಕೆರೆದು ಅರ್ಧ ಅಳಿಸಿದ್ದರು. ಆ ರೂಮಿನಲ್ಲಿದ್ದ ಮೂವರನ್ನು ವರ್ಷವಿಡೀ ಆ ಅಂಕಿಯಿಂದಲೇ ಕರೆದರು. ನನಗೆ ಗೊತ್ತಾಗಿದ್ದು ವರ್ಷದ ಕೊನೆಗೆ. ಮೊದಲೇ ಗೊತ್ತಾಗಬೇಕಿತ್ತು. ಆಮೇಲೆ ಕ್ಲಾಸಿನಲ್ಲಿ ವ್ಯಾಕರಣಕಾರ ಕೇಶಿರಾಜನ ಪಾಠ ಬಂದಾಗ ನಿಧಾನವಾಗಿ ಹೇಳಿದೆ. ಹದಿಮೂರನೇ ಶತಮಾನದಲ್ಲಿ ಅವನು ಕನ್ನಡಕ್ಕೆ ಲಿಂಗ ಮೂರೇ ಅನ್ನಲಿಲ್ಲ, ಒಂಬತ್ತು ಅಂದ. ಪುಂಸ್ತ್ರೀಲಿಂಗ, ಪುನ್ನಪುಂಸಕಲಿಂಗ ಹೀಗೆ ಎರಡೆರಡು ಸೇರಿದವೂ ಅವನ ಲೆಕ್ಕದಲ್ಲಿವೆ. ಅದು ಪದಗಳ ಲೆಕ್ಕ, ಮನುಷ್ಯರದ್ದಲ್ಲ, ಅದನ್ನೂ ಹೇಳಿದೆ. ಆದರೂ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಿತ್ತು.

ಟ್ರಾನ್ಸ್‌ಜೆಂಡರ್ ಜನರಿಗೆ ಕನ್ನಡದಲ್ಲಿ ಪದಗಳು ಕಮ್ಮಿ ಇಲ್ಲ. ಸರ್ಕಾರಿ ಕಾಗದದಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’. ಮೈತ್ರಿ ಪಿಂಚಣಿ ಯೋಜನೆಯಲ್ಲೂ ಇದೇ ಪದ. ಪತ್ರಿಕೆಗಳಲ್ಲಿ ‘ಮಂಗಳಮುಖಿ’. ಗೌರವದಿಂದ ಹುಟ್ಟಿದ ಪದ, ಆದರೆ ಹೆಣ್ಣಾಗಿ ಹುಟ್ಟಿದರೂ ಗಂಡೆಂದು ಬಾಳುವವರಿಗೆ ಅದು ಹೊಂದುವುದೇ ಇಲ್ಲ. ‘ಜೋಗತಿ’ ಎಲ್ಲಮ್ಮನ ಪರಂಪರೆಗೆ ಸೇರಿದ ಪದ. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಹೆಸರಿನಲ್ಲಿ ಅದು ಎಷ್ಟು ಚೆಂದವಾಗಿ ಕೂತಿದೆ. ಹಾಗಂತ ಕಂಡವರಿಗೆಲ್ಲ ಅದನ್ನು ಹಚ್ಚಲಾಗದು. ‘ತೃತೀಯ ಲಿಂಗಿ’ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜಾಸ್ತಿ ಬಳಕೆಗೆ ಬಂತು. ಆ ತೀರ್ಪಿನ ತಿರುಳು ತಾನು ಯಾರೆಂದು ತಾನೇ ಹೇಳಿಕೊಳ್ಳುವ ಹಕ್ಕು. ಪದ ಮಾತ್ರ ಮೂರನೇ ನಂಬರು ಕೊಟ್ಟು ಕೂರಿಸಿತು. ಹಾಗಾಗಿ ಪೋಸ್ಟರಿನಲ್ಲಿ ಟ್ರಾನ್ಸ್‌ಜೆಂಡರ್ ಅಂತಲೇ ಇಡುತ್ತೇನೆ. ಬಸ್ಸು, ಪೆನ್ನು ಕನ್ನಡವಾದ ಹಾಗೆ ಇದೂ ಆಗಲಿ.

ಕೊಡಗಿನವರಿಗೆ ಇನ್ನೊಂದು ಪದ ಬೇಗ ಬಾಯಿಗೆ ಬರುತ್ತದೆ: ‘ವೇಷ’. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹೋದವರಿಗೆ ಗೊತ್ತು. ಯರವ, ಕುರುಬ ಸಮುದಾಯದ ಗಂಡಸರು ಹೆಣ್ಣಿನ ಬಟ್ಟೆ ತೊಟ್ಟು ಕುಣಿಯುತ್ತಾ ಬರುತ್ತಾರೆ. ಅದು ಅವರ ಹರಕೆ, ಅವರ ದೇವರ ಕೆಲಸ. ಹಬ್ಬ ಮುಗಿದರೆ ವೇಷ ಕಳಚುತ್ತದೆ. ಟ್ರಾನ್ಸ್‌ಜೆಂಡರ್ ಒಬ್ಬರು ಸೀರೆ ಉಟ್ಟರೆ ‘ಹೆಣ್ಣುವೇಷ ಹಾಕಿದ್ದಾನೆ’ ಅನ್ನುತ್ತೇವಲ್ಲ, ಅದು ತಪ್ಪು. ಅವತ್ತಿನ ಮಾತುಕತೆಗೆ ಮೈಸೂರಿನಿಂದ ಬಂದಿದ್ದ ಟ್ರಾನ್ಸ್ ಮಹಿಳೆಯೊಬ್ಬರು ಇದನ್ನೇ ಬಿಡಿಸಿ ಹೇಳಿದರು. “ಹತ್ತೊಂಬತ್ತು ವರ್ಷ ಪ್ಯಾಂಟು ಶರ್ಟು ಹಾಕಿದ್ದೆ. ಅದು ವೇಷ” ಅಂದರು.

ಅವರು ಬಂದ ಹೊತ್ತಿನದ್ದೇ ಇನ್ನೊಂದು ವಿಷಯ. ಮಕ್ಕಳಿಗೆ ಅವರನ್ನು ಹೇಗೆ ಕರೆಯಬೇಕು ಅಂತ ತಿಳಿಯಲಿಲ್ಲ. ಒಬ್ಬ ‘ಸರ್’ ಅಂದು ನಾಲಿಗೆ ಕಚ್ಚಿಕೊಂಡ. ಇಬ್ಬರು ಸುಮ್ನೆ ನಿಂತರು. ಒಳಗಿನಿಂದ ಅಡುಗೆಯವರು ಲೋಟ ಹಿಡಿದು ಬಂದು, “ಅಕ್ಕಾ, ಕಾಫಿಗೆ ಬೆಲ್ಲ ಹಾಕಿದ್ದೆ, ಆಗ್ತದಲ್ಲ?” ಅಂದರು. ಮುಗಿಯಿತು. ಆಮೇಲೆ ಇಡೀ ಹಾಸ್ಟೆಲ್‌ಗೆ ಅವರು ಅಕ್ಕ.

ಸರ್ವನಾಮದಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ‘ಅವರು’ ಅಂದರೆ ಗಂಡೂ ಆಯಿತು, ಹೆಣ್ಣೂ ಆಯಿತು, ಎರಡೂ ಅಲ್ಲದವರೂ ಆಯಿತು. ‘ಬಂದರು, ಹೋದರು’ ಅಂದರೆ ಸಾಕು. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಕೆಟ್ಟದ್ದು ಆಗುವುದು ‘ಅದು’ ಅಂದಾಗ. ‘ಅದು ಬಂತು ನೋಡು’ ಅನ್ನುವುದನ್ನು ನಾನೇ ಕೇಳಿದ್ದೇನೆ. ಇದನ್ನು ಹೇಳಿದಾಗ ಪುತ್ತೂರು ಕಡೆಯ ಒಬ್ಬ ಹವ್ಯಕರ ಹುಡುಗ ಕೈಯೆತ್ತಿದ. ಅವರ ಮನೆಮಾತಿನಲ್ಲಿ ‘ತಂಗಿ ಬಂತು’ ಅಂತಲೇ ಹೇಳುವುದು, ಅದರಲ್ಲಿ ಅವಮಾನ ಏನೂ ಇಲ್ಲ ಅಂದ. ಸರಿಯಾದ ಮಾತು. ಮನೆಯ ಹೆಣ್ಣುಮಕ್ಕಳಿಗೆಲ್ಲ ಸಲ್ಲುವ ‘ಅದು’ ಬೇರೆ. ಎಲ್ಲರಿಗೂ ಅವನು, ಅವಳು ಅಂದು ಒಬ್ಬರಿಗೆ ಮಾತ್ರ ‘ಅದು’ ಅನ್ನುವುದು ಬೇರೆ.

ಕೊನೆಯದಾಗಿ ಒಂದು ಕ್ರಿಯಾಪದ. ತಾನು ಹೀಗೆ ಅಂತ ಮನೆಯವರಿಗೋ ಗೆಳೆಯರಿಗೋ ತಿಳಿಸುವುದಕ್ಕೆ ಏನನ್ನೋಣ? ‘ಹೊರಬರುವುದು’ ಅಂತ ಕೆಲವರು ಬರೆಯುತ್ತಾರೆ. ಹಾಸ್ಟೆಲ್‌ನಲ್ಲಿ ಹೊರಬರುವುದು ಅಂದರೆ ಗೇಟು, ಔಟ್‌ಪಾಸ್. ಪತ್ರಿಕೆಗಳು ‘ತಾನು ಸಲಿಂಗಿ ಎಂದು ಒಪ್ಪಿಕೊಂಡ’ ಅಂತ ಬರೆಯುತ್ತವೆ. ಇದು ನನಗೆ ತುಂಬಾ ನೋವಾಗುವ ಬಳಕೆ. ಒಪ್ಪಿಕೊಳ್ಳುವುದು ತಪ್ಪನ್ನು, ಕಳ್ಳತನವನ್ನು. ‘ತೋಡಿಕೊಳ್ಳುವುದು’ ಅಂದರೆ ದುಃಖ ಅಂತ ಮೊದಲೇ ತೀರ್ಮಾನಿಸಿದ ಹಾಗೆ. ನನಗೆ ಸರಿ ಅನ್ನಿಸುವುದು ‘ಹೇಳಿಕೊಳ್ಳುವುದು’. ‘ಅಕ್ಕನ ಹತ್ತಿರ ಹೇಳಿಕೊಂಡೆ.’ ಆ ‘ಕೊಳ್ಳು’ ಇದೆಯಲ್ಲ, ಅದರಲ್ಲಿ ಹೇಳುವವನ ಇಷ್ಟವಿದೆ, ನಂಬಿಕೆಯಿದೆ, ಹೇಳಿದ ಮೇಲಿನ ಹಗುರವೂ ಇದೆ. ಬೇರೆಯವರು ಹೋಗಿ ಹೇಳಿದರೆ ಅದು ಹೇಳಿಕೊಂಡದ್ದಲ್ಲ, ಚಾಡಿ. ಹಾಸ್ಟೆಲ್‌ನಲ್ಲಿ ನಾವು ಮಾಡಿಕೊಂಡ ನಿಯಮವೂ ಅದೇ: ಅವರೇ ಹೇಳಿಕೊಳ್ಳುವವರೆಗೆ ಯಾರೂ ಕೇಳಬಾರದು, ಯಾರೂ ಹೇಳಬಾರದು.

ಈಗ ಪೋಸ್ಟರಿಗೆ ನಾನು ಬರೆದಿಟ್ಟ ಸಾಲು ಇದು: ‘ಯಾರ ಕಡೆ ಒಲವು ಎಂಬ ಕಾರಣಕ್ಕೆ, ತನ್ನನ್ನು ಗಂಡೆಂದೋ ಹೆಣ್ಣೆಂದೋ ಬೇರೆಯೆಂದೋ ಕಾಣುವ ಕಾರಣಕ್ಕೆ ಯಾರನ್ನಾದರೂ ಹೀಯಾಳಿಸುವುದು, ದೂರ ಇಡುವುದು ರ‍್ಯಾಗಿಂಗ್.’ ತಿದ್ದಿ ಕೊಡಿ. ‘ಕಾಣುವ’ ಸರಿಯೋ, ‘ಅರಿತ’ ಸರಿಯೋ? ಪ್ರವೇಶದ ಅರ್ಜಿಯಲ್ಲಿ ಗಂಡು, ಹೆಣ್ಣು ಆದ ಮೇಲೆ ‘ಇತರೆ’ ಅಂತ ಇದೆ. ಮೆಸ್ ಬಿಲ್ಲಿನಲ್ಲಿ ಸೋಪು, ಬೆಂಕಿಪೊಟ್ಟಣಕ್ಕೆ ಬರೆಯುವುದೂ ‘ಇತರೆ’. ಅಲ್ಲಿ ಒಂದು ಖಾಲಿ ಗೆರೆ ಬಿಟ್ಟು, ಅವರವರೇ ಬರೆಯಲಿ ಅಂದರೆ ಸಾಕೇ?

ಇನ್ನೊಂದು. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮನೆಗೆ ಫೋನ್ ಮಾಡುವುದು ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ, ತುಳು, ಮಲಯಾಳದಲ್ಲಿ. ಅವರು ಹೇಳಿಕೊಳ್ಳುವುದಾದರೆ ಆ ಮಾತಿನಲ್ಲೇ ಹೇಳಿಕೊಳ್ಳುತ್ತಾರೆ. ಒಲವು, ಹೇಳಿಕೊಳ್ಳು ಈ ಎರಡಕ್ಕೆ ಅಲ್ಲಿ ಮನೆಯೊಳಗೆ ಬಳಸುವ ಪದ ಗೊತ್ತಿದ್ದವರು ದಯವಿಟ್ಟು ಬರೆಯಿರಿ, ಹಿರಿಯರ ಬಾಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೆಯದು. ಗೋಣಿಕೊಪ್ಪದ ಪ್ರೆಸ್ಸಿಗೆ ಮುಂದಿನ ಸೋಮವಾರ ಕೊಡಬೇಕು.