ಬೆನ್ನುಹುರಿಗೆ ಪೆಟ್ಟು: ಅರ್ಜಿ ಮೊದಲೋ, ಗಾರೆ ಕೆಲಸ ಮೊದಲೋ?

ಪ್ರಶ್ನೆ (ಮಳವಳ್ಳಿ ತಾಲ್ಲೂಕು)
ತಮ್ಮ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಹದಿನೈದು ದಿನದಲ್ಲಿ ಮನೆಗೆ ಕಳಿಸ್ತಾರೆ. ಜಗುಲಿ ಒಂದೂವರೆ ಅಡಿ ಎತ್ತರ, ಬಚ್ಚಲ ಬಾಗಿಲು 27 ಇಂಚು. ಗಾರೆಯವರು ನಾಳೆಯೇ ಶುರು ಮಾಡ್ತೀವಿ ಅಂತಿದ್ದಾರೆ. ಸರ್ಕಾರದಿಂದ ಏನು ಸಿಗುತ್ತೆ, ಮನೇಲಿ ಏನು ಬದಲಾಯಿಸಬೇಕು?

ಉತ್ತರ 1 (ಮಂಡ್ಯ)
ಗಾರೆಯವರನ್ನ ಸ್ವಲ್ಪ ತಡೀರಿ. ಗ್ರಾಮ ಪಂಚಾಯ್ತಿ ಸ್ವಂತ ಆದಾಯದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ರ‍್ಯಾಂಪ್, ಶೌಚಾಲಯಕ್ಕೆ ಅದರಲ್ಲಿ ಕೇಳಿ. ಕೆಲಸ ಮುಗಿಸಿ ಬಿಲ್ಲು ಹಿಡಕೊಂಡು ಹೋದರೆ ಗಿಟ್ಟೋದು ಕಷ್ಟ. ಈಗಿನ ಮೆಟ್ಟಿಲು, ಬಾಗಿಲಿನ ಫೋಟೊ, ಖರ್ಚಿನ ಅಂದಾಜು ಪಟ್ಟಿ ಸೇರಿಸಿ ಪಿಡಿಒಗೆ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಪಂಚಾಯ್ತಿಯ ವಿಆರ್‌ಡಬ್ಲ್ಯು (ವಿಕಲಚೇತನರಿಗೆ ನೆರವಾಗೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರ ಕೆಲಸವೇ ಇದು, ಅವರನ್ನ ಜೊತೆಗೆ ಕರೀರಿ.

ಎಲ್ಲಕ್ಕೂ ಬೇಕಾದ್ದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ರಿಪೋರ್ಟ್ ಸಮೇತ ವೈದ್ಯಕೀಯ ಮಂಡಳಿ ಮುಂದೆ ಹೋಗಬೇಕು. ಪೆಟ್ಟು ಹೊಸದಾದ್ದರಿಂದ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟರೆ ಅದರ ಕೊನೇ ದಿನಾಂಕ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ವೈಕಲ್ಯ ಶೇ 40 ಅಥವಾ ಹೆಚ್ಚು ಅಂತ ಬಂದರೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಹಾಕಿ, ಆದಾಯ ಪ್ರಮಾಣಪತ್ರವೂ ಬೇಕು. ಶೇ 75 ಮೀರಿದರೆ ಮೊತ್ತ ಜಾಸ್ತಿ. ಆಧಾರ್ ಜೋಡಣೆ ಆಗಿರೋ ಖಾತೆಗೇ ದುಡ್ಡು ಬೀಳೋದು, ಬ್ಯಾಂಕಲ್ಲಿ ಮೊದಲೇ ವಿಚಾರಿಸಿ.

ಉತ್ತರ 2 (ಮೈಸೂರು)
ಹೇಳದೇ ಬಿಟ್ಟರೆ ಗಾರೆಯವರು ಬೈಕ್ ಹತ್ತಿಸೋ ರ‍್ಯಾಂಪ್ ಮಾಡಿಬಿಡ್ತಾರೆ, ಐದಾರು ಅಡಿಗೆ ಮುಗಿಸಿ. ಅದರಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತೆ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ನಿಮ್ಮ 18 ಇಂಚಿಗೆ 18 ಅಡಿ. ಬಾಗಿಲ ಮುಂದೆ ಐದಡಿ ಚೌಕ ಸಮತಟ್ಟು ಬಿಡಿ, ಇಲ್ಲದಿದ್ದರೆ ಚಿಲಕ ತೆಗೆಯುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರುತ್ತೆ. ಸಿಮೆಂಟ್ ಹಸಿ ಇರುವಾಗಲೇ ಅಡ್ಡಡ್ಡ ಪೊರಕೆ ಎಳೆಸಿ. ನುಣುಪು ಮಾಡಿದರೆ ಮಳೆಗಾಲದಲ್ಲಿ ತಳ್ಳುವವರ ಕಾಲೇ ನಿಲ್ಲಲ್ಲ. ಎರಡೂ ಅಂಚಿಗೆ ಎರಡಿಂಚು ಕಟ್ಟೆ ಇರಲಿ.

ಬಚ್ಚಲ ಬಾಗಿಲು ತೆರೆದಾಗ 32 ಇಂಚು ಜಾಗ ಸಿಗಬೇಕು. ಚೌಕಟ್ಟಿನ ಹೊರ ಅಳತೆ ಲೆಕ್ಕಕ್ಕಿಲ್ಲ. ಬಾಗಿಲು ಹೊರಕ್ಕೆ ತೆರೆಯಲಿ, ಒಳಗೆ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತೆ. ಕಮೋಡ್ ಸೀಟು, ಕುರ್ಚಿಯ ದಿಂಬು ಸಮ ಎತ್ತರ ಇರಬೇಕು. ಕುರ್ಚಿ ಬರೋಕೆ ಮುಂಚೆ ಕಮೋಡ್ ಕೂರಿಸಬೇಡಿ. ಹಿಡಿಕೆ ಕಂಬಿಯ ಬೋಲ್ಟು ಟೈಲ್ಸು, ಗಾರೆ ದಾಟಿ ಇಟ್ಟಿಗೆಯೊಳಗೆ ಕಚ್ಚಬೇಕು.

ಉತ್ತರ 3 (ಮದ್ದೂರು)
ಹಂಡೆ ನೀರಿನ ಬಗ್ಗೆ ಜೋಪಾನ. ಅವರ ಕಾಲಿಗೆ ಬಿಸಿ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ಕಾಣೋದು. ಬಕೆಟ್‌ಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಬೇರೆಯವರು ಮೊಣಕೈ ಅದ್ದಿ ನೋಡಿ ಹುಯ್ಯಲಿ. ಕಲ್ಲಿನ ಮೇಲೆ ಬರೀ ಮೈಯಲ್ಲಿ ಕೂರಿಸಬೇಡಿ, ಹುಣ್ಣಾಗುತ್ತೆ.

ಪ್ರಶ್ನೆ ಕೇಳಿದವರು
ಬಾಗಿಲ ಮುಂದೆ ಅಂಗಳ 12 ಅಡಿ ಅಷ್ಟೇ ಇದೆಯಲ್ಲ?

ಉತ್ತರ 2
ಹಾಗಾದ್ರೆ ಮುಂದಕ್ಕೆ ಬೇಡ. ಆ ಐದಡಿ ಚೌಕದಿಂದ ಪಕ್ಕಕ್ಕೆ ತಿರುಗಿಸಿ, ಮುಂಗೋಡೆಗೆ ಒತ್ತಿಕೊಂಡು ನಾಲ್ಕಡಿ ಅಗಲ ಇಳಿಸಿ.